ಸುದ್ದಿ ಬರೆಯುವವನೇ ಜಾಹೀರಾತನ್ನೂ ತರಬೇಕಾದರೆ

ಸೇಡಂ ತಾಲೂಕಿನ ನಮ್ಮೂರನ್ನು ಬಿಟ್ಟು ಹೈದರಾಬಾದಿಗೆ ಬಂದು ಇಪ್ಪತ್ತಮೂರು ವರ್ಷಗಳಾದವು. ಊರೇನೂ ದೂರವಲ್ಲ, ಬೆಳಿಗ್ಗೆ ರೈಲು ಹತ್ತಿದರೆ ತಾಂಡೂರು ದಾಟಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. 1956ರವರೆಗೆ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದುದರಿಂದ ನಮ್ಮ ಹಿರಿಯರಿಗೆ ಈ ಊರು ಎಂದೂ ಪರಸ್ಥಳವೆನಿಸಿರಲಿಲ್ಲ. ಬೆಂಗಳೂರೇ ಅವರಿಗೆ ತುಸು ಹೊರಗಿನದು. ಆದರೂ ಸರ್ಕಾರದ ಲೆಕ್ಕದಲ್ಲಿ ನಾನು ಹೊರನಾಡ ಕನ್ನಡಿಗ. ಈ ಇಪ್ಪತ್ತಮೂರು ವರ್ಷಗಳಲ್ಲಿ ದಿನವೂ ತೆಲುಗು ಪತ್ರಿಕೆ, ದಿನ ತಪ್ಪಿದರೂ ವಾರ ತಪ್ಪದೆ ಕಲಬುರಗಿ ಆವೃತ್ತಿಯ ಕನ್ನಡ ಪತ್ರಿಕೆ ಓದುತ್ತ ಬಂದಿರುವುದರಿಂದ, ಸುದ್ದಿಯೊಳಗಿನ ಪಕ್ಷಪಾತವೆಂಬುದು ಎರಡು ಕಡೆ ಎರಡು ಬಗೆಯಲ್ಲಿ ನಡೆಯುವುದನ್ನು ನೋಡುವ ಅವಕಾಶ ನನಗೆ ತಾನಾಗಿ ಒದಗಿದೆ.

ತೆಲುಗು ಓದಲು ಕಲಿತದ್ದು ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ. ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ಕಷ್ಟವಾಗಲಿಲ್ಲ. ಅಂಗಡಿಯ ಯಜಮಾನ ಬೆಂಚಿನ ಮೇಲೆ ನಾಲ್ಕು ಪತ್ರಿಕೆಗಳನ್ನು ಇಟ್ಟಿರುತ್ತಿದ್ದ. ಯಾವುದನ್ನು ಓದಲಿ ಎಂದು ಮೊದಲ ದಿನ ಕೇಳಿದಾಗ ಅವನು ಕತ್ತರಿಯಿಂದಲೇ ತೋರಿಸುತ್ತ, “ಇದಿ ವಾಳ್ಳದಿ, ಇದಿ ವೀಳ್ಳದಿ” ಎಂದ. ಇದು ಅವರದ್ದು, ಇದು ಇವರದ್ದು ಎಂದಷ್ಟೇ ಅರ್ಥ. ಅವನ ಮಾತಿನಲ್ಲಿ ದೂರಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಯಾವ ಬಸ್ಸು ಯಾವ ಊರಿಗೆ ಹೋಗುತ್ತದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ್ದ.

ಆ ಸಹಜತೆಗೆ ಹಿನ್ನೆಲೆಯುಂಟು. 1974ರಲ್ಲಿ ವಿಶಾಖಪಟ್ಟಣದಲ್ಲಿ ರಾಮೋಜಿ ರಾವ್ ಆರಂಭಿಸಿದ ‘ಈನಾಡು’, 1982ರಲ್ಲಿ ಎನ್.ಟಿ. ರಾಮರಾವ್ ತೆಲುಗು ದೇಶಂ ಪಕ್ಷವನ್ನು ಕಟ್ಟಿದಾಗ ಅದರ ಬೆನ್ನಿಗೆ ನಿಂತದ್ದನ್ನು ಇಲ್ಲಿ ಯಾರೂ ಮುಚ್ಚಿಟ್ಟು ಮಾತಾಡುವುದಿಲ್ಲ. ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿಯವರು ತಮ್ಮನ್ನು ಟೀಕಿಸುವ ಪತ್ರಿಕೆಗಳನ್ನು ಹೆಸರಿಡದೆ ‘ಆ ರೆಂಡು ಪತ್ರಿಕಲು’ ಎಂದೇ ಸಭೆಗಳಲ್ಲಿ ಹೇಳುತ್ತಿದ್ದರು. ‘ಆ ಎರಡು’ ಎಂದರೆ ಈನಾಡು ಮತ್ತು ಆಂಧ್ರಜ್ಯೋತಿ ಎಂಬುದು ಸಭೆಯ ಕೊನೆಯ ಸಾಲಿನಲ್ಲಿ ಕೂತವನಿಗೂ ಗೊತ್ತಿತ್ತು. 2008ರಲ್ಲಿ ಅವರ ಮಗ ಜಗನ್‌ಮೋಹನ ರೆಡ್ಡಿ ‘ಸಾಕ್ಷಿ’ಯನ್ನು ತಂದರು. ತೆಲಂಗಾಣ ಹೋರಾಟ ಕಾವೇರಿದ್ದ 2011ರಲ್ಲಿ ‘ನಮಸ್ತೆ ತೆಲಂಗಾಣ’ ಹುಟ್ಟಿತು. ಅದು ಯಾವ ಪಕ್ಷಕ್ಕೆ ಹತ್ತಿರ ಎಂಬುದನ್ನು ಕೇಳಿ ತಿಳಿಯಬೇಕಾದ ಅಗತ್ಯವೇ ಬೀಳಲಿಲ್ಲ. ಹೀಗಾಗಿ ಇಲ್ಲಿನ ಓದುಗ ಒಂದು ಲೆಕ್ಕಾಚಾರವನ್ನು ರೂಢಿಸಿಕೊಂಡಿದ್ದಾನೆ. ಒಂದು ಕಾಲುವೆ ಒಡೆದರೆ ಅದು ಒಡೆದದ್ದೆಂದು ಒಂದು ಪತ್ರಿಕೆಯಲ್ಲಿ, ಒಡೆಸಿದ್ದೆಂದು ಇನ್ನೊಂದರಲ್ಲಿ, ಒಡೆಯಲೇ ಇಲ್ಲವೆಂಬಂತೆ ಮೂರನೆಯದರಲ್ಲಿ ಇರುತ್ತದೆ. ಮೂರನ್ನೂ ತಿರುವಿ ಹಾಕಿದವನು ಕಾಲುವೆಯಲ್ಲಿ ನೀರಿಲ್ಲ ಎಂಬಷ್ಟನ್ನು ಸತ್ಯವೆಂದು ತೆಗೆದುಕೊಂಡು ಎದ್ದು ಹೋಗುತ್ತಾನೆ.

ಇದನ್ನು ಆದರ್ಶವೆಂದು ನಾನು ಹೊಗಳುತ್ತಿಲ್ಲ. ಮೂರು ಪತ್ರಿಕೆ ಓದುವ ಪುರುಸೊತ್ತು ಕ್ಷೌರಕ್ಕೆ ಸರದಿ ಕಾಯುವವನಿಗೆ ಇದ್ದೀತು, ಕೂಲಿಗೆ ಹೋಗುವವಳಿಗೆ ಇರುವುದಿಲ್ಲ. ಪತ್ರಿಕೆ ಪಕ್ಷದ್ದಾದಾಗ, ಅಧಿಕಾರ ಬದಲಾದ ಮರುದಿನವೇ ಏಟು ಬೀಳುವುದೂ ಪತ್ರಿಕೆಗೇ. ತೆಲಂಗಾಣ ರಾಜ್ಯ ಹುಟ್ಟಿದ 2014ರ ಜೂನ್ ತಿಂಗಳಿನಲ್ಲೇ ಹೊಸ ಶಾಸಕರನ್ನು ಹಾಸ್ಯ ಮಾಡಿದ ಕಾರ್ಯಕ್ರಮವೊಂದು ನೆಪವಾಗಿ ಟಿವಿ9 ಮತ್ತು ಎಬಿಎನ್ ಆಂಧ್ರಜ್ಯೋತಿ ವಾಹಿನಿಗಳನ್ನು ಕೇಬಲ್‌ನವರು ತೆಗೆದುಹಾಕಿದರು. ತಿಂಗಳುಗಟ್ಟಲೆ ನಮ್ಮ ಮನೆಯ ಟಿವಿಯಲ್ಲಿ ಆ ಎರಡು ವಾಹಿನಿಗಳ ಜಾಗ ಖಾಲಿಯಿತ್ತು. ಆಗ ನಮ್ಮ ಬೀದಿಯಲ್ಲಿ ಹೆಚ್ಚು ಜನ ಬೇಸರಿಸಿಕೊಳ್ಳಲಿಲ್ಲ ಎಂಬುದೇ ನನಗೆ ಹೆಚ್ಚು ಕಾಡಿದ ಸಂಗತಿ. “ಅವರದ್ದು ಹೋಯಿತು, ಇವರದ್ದು ಇದೆಯಲ್ಲ” ಎಂಬ ಭಾವನೆ. ಪತ್ರಿಕೆಯನ್ನು ಪಕ್ಷದ ಆಸ್ತಿಯೆಂದು ಒಪ್ಪಿಕೊಂಡ ಓದುಗ, ಅದಕ್ಕೆ ಅಪಾಯ ಬಂದಾಗ ಅದನ್ನು ತನ್ನದೆಂದು ಕಾಯಲು ಮುಂದೆ ಬರುವುದಿಲ್ಲ.

ಇಷ್ಟಾದರೂ ಕ್ಷೌರದಂಗಡಿಯ ಯಜಮಾನನಿಗೆ ಇದ್ದ ಅನುಕೂಲ ಸೇಡಮ್ಮಿನ ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಳ್ಳುವವನಿಗೆ ಇಲ್ಲ. ನಮ್ಮ ಕನ್ನಡದ ಪತ್ರಿಕೆಗಳೂ ವಾಹಿನಿಗಳೂ ತಾವು ಯಾರ ಪರವೂ ಅಲ್ಲ ಎಂಬ ಮಾತನ್ನು ಘೋಷವಾಕ್ಯದಂತೆ ಹೇಳುತ್ತವೆ. ಒಡೆತನ ಗುಟ್ಟೇನಲ್ಲ: 2007ರಲ್ಲಿ ಶುರುವಾದ ‘ಕಸ್ತೂರಿ’ ವಾಹಿನಿ ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬದ್ದು, ‘ಸುವರ್ಣ ನ್ಯೂಸ್’ ಕಟ್ಟಿದ ರಾಜೀವ್ ಚಂದ್ರಶೇಖರ್ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು, 2021ರಲ್ಲಿ ಕೇಂದ್ರದಲ್ಲಿ ಸಚಿವರಾದವರು. ತಿಳಿದವರಿಗೆ ಇದು ತಿಳಿದಿದೆ. ಆದರೆ ನಮ್ಮೂರಿನಲ್ಲಿ ಚಹಾ ಅಂಗಡಿಯ ಟಿವಿ ನೋಡುವವರನ್ನು ನಾನು ಕೇಳಿ ನೋಡಿದ್ದೇನೆ. ವಾಹಿನಿಯ ಒಡೆಯ ಯಾರೆಂದು ಹೇಳಿದವರು ಬೆರಳೆಣಿಕೆಯಷ್ಟು ಮಂದಿ, ಆಂಕರ್‌ನ ಹೆಸರು ಮಾತ್ರ ಎಲ್ಲರಿಗೂ ಗೊತ್ತು. 1956ರ ಕೇಂದ್ರ ನಿಯಮಗಳು ತಂದ ರೂಢಿಯಂತೆ ಪತ್ರಿಕೆಗಳು ಪ್ರತಿವರ್ಷ ಫೆಬ್ರವರಿ ಮುಗಿದ ಕೂಡಲೇ ‘ನಮೂನೆ 4, ನಿಯಮ 8’ ಎಂಬ ತಲೆಬರಹದಡಿ ಮಾಲೀಕರ ಹೆಸರನ್ನೂ ಒಂದು ಶೇಕಡಾಕ್ಕಿಂತ ಹೆಚ್ಚು ಬಂಡವಾಳ ಉಳ್ಳವರ ಹೆಸರನ್ನೂ ಪ್ರಕಟಿಸುತ್ತ ಬಂದಿವೆ. ಮಾರ್ಚ್ ಮೊದಲ ವಾರದ ಯಾವುದೋ ಒಳಪುಟದ ಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಗಳ ಪ್ರಕಟಣೆಯ ಪಕ್ಕದಲ್ಲಿ, ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣ ಅಕ್ಷರಗಳಲ್ಲಿ ಅದು ಬರುತ್ತದೆ. ನನ್ನ ಮಟ್ಟಿಗೆ ವರ್ಷದ ಅತ್ಯಂತ ಮುಖ್ಯ ಸುದ್ದಿಗಳಲ್ಲಿ ಅದೊಂದು.

ಬ್ರಿಟನ್ನಿನವರು ಇದನ್ನು ಇನ್ನೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಅಲ್ಲಿ ಪತ್ರಿಕೆಗೊಂದು ನ್ಯಾಯ, ಟಿವಿಗೊಂದು ನ್ಯಾಯ. ಪತ್ರಿಕೆ ಚುನಾವಣೆಯ ಮುನ್ನ ಇಂಥ ಪಕ್ಷಕ್ಕೆ ಮತ ಕೊಡಿ ಎಂದು ಮುಖಪುಟದಲ್ಲೇ ಬರೆಯಬಹುದು. ಟಿವಿ ಮತ್ತು ರೇಡಿಯೊ ಮಾತ್ರ 2003ರ ಸಂವಹನ ಕಾಯ್ದೆಯ ಪ್ರಕಾರ ನಿಷ್ಪಕ್ಷಪಾತವಾಗಿರಬೇಕು, ತಪ್ಪಿದರೆ ಆಫ್‌ಕಾಮ್ ಎಂಬ ನಿಯಂತ್ರಕ ಸಂಸ್ಥೆ ದಂಡ ಹಾಕಬಹುದು. ನಮ್ಮಲ್ಲಿ ಪತ್ರಿಕೆಗಳು ಬಾಯಿಬಿಟ್ಟು ಹೇಳುವುದಿಲ್ಲ, ವಾಹಿನಿಗಳನ್ನು ಕಟ್ಟಿಹಾಕುವವರೂ ಇಲ್ಲ. ಪತ್ರಿಕಾ ಮಂಡಳಿಗೆ 1978ರ ಕಾಯ್ದೆ ಕೊಟ್ಟಿರುವುದು ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರವನ್ನಷ್ಟೇ.

ಹಾಗಾದರೆ ಸರ್ಕಾರಿ ಟಿವಿಯ ಕಾಲವೇ ಚೆನ್ನಾಗಿತ್ತೆಂದು ನಮ್ಮ ವಯಸ್ಸಿನವರು ಹೇಳುವುದುಂಟು. ಅವರಿಗೆ ನಾನು ನಮ್ಮ ಜಿಲ್ಲೆಯ ಕಥೆಯನ್ನೇ ನೆನಪಿಸುತ್ತೇನೆ. ಬೆಂಗಳೂರಿಗೆ ದೂರದರ್ಶನ ಬರುವುದಕ್ಕಿಂತ ಮೊದಲೇ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ ಟಿವಿ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಹಳ್ಳಿಗಳೂ ಇದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಅದರಲ್ಲಿ ಬಂದವು, ಒಳ್ಳೆಯದೇ. ಆದರೆ ತುರ್ತು ಪರಿಸ್ಥಿತಿ ಘೋಷಣೆಯಾಗಿ ಆಗ ಇನ್ನೂ ಐದು ವಾರಗಳಾಗಿದ್ದವಷ್ಟೆ. ಪಂಚಾಯತಿ ಕಟ್ಟೆಯ ಮುಂದೆ ಊರಿಗೆ ಊರೇ ಕೂತು ಜೀವನದಲ್ಲಿ ಮೊದಲ ಸಲ ಟಿವಿ ನೋಡಿದ ವರ್ಷವೇ, ದೇಶದಲ್ಲಿ ಸರ್ಕಾರ ಒಪ್ಪದ ಒಂದು ಮಾತೂ ಅಚ್ಚಾಗದ ವರ್ಷವಾಗಿತ್ತು. ಆ ಪೆಟ್ಟಿಗೆ ಯಾರ ಮೇಲೂ ಕಿರುಚಲಿಲ್ಲ ಎಂಬ ಕಾರಣಕ್ಕೆ ಅದನ್ನು ನಿಷ್ಪಕ್ಷಪಾತಿ ಎನ್ನಲಾಗದು.

ಟಿವಿ ಚರ್ಚೆಗಳ ಕಿರುಚಾಟದ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೇಳಬೇಕಾದದ್ದು ಅದಕ್ಕಿಂತ ಕೆಳಗೆ ನಡೆಯುವ ಸಂಗತಿ. ಬೆಂಗಳೂರಿನ ಸ್ಟುಡಿಯೋಗಳಿಗೆ ಕಲಬುರಗಿ ನೆನಪಾಗುವುದು ಏಪ್ರಿಲ್‌ನಲ್ಲಿ, ಬಿಸಿಲಿಗೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯರ ಚಿತ್ರ ಬೇಕಾದಾಗ. ಮಲ್ಲಿಕಾರ್ಜುನ ಖರ್ಗೆಯವರು 2022ರಲ್ಲಿ ಎಐಸಿಸಿ ಅಧ್ಯಕ್ಷರಾದ ಮೇಲೆ ಇನ್ನೊಂದು ನೆಪ ಸೇರಿದೆ: ಇಲ್ಲಿ ಚರಂಡಿ ಕಟ್ಟಿಕೊಂಡರೂ ಅದು ‘ಖರ್ಗೆ ತವರಿನಲ್ಲಿ’ ಕಟ್ಟಿಕೊಳ್ಳುತ್ತದೆ. ಚರಂಡಿ ಕಟ್ಟಿಕೊಂಡದ್ದು ನಿಜವಾದರೂ ಅದನ್ನು ಸರಿಪಡಿಸಬೇಕಾದ ಪಾಲಿಕೆಯ ಹೆಸರು ಆ ಸುದ್ದಿಯಲ್ಲಿ ಬರುವುದಿಲ್ಲ. ಅದೇ 2022ರ ಹಂಗಾಮಿನಲ್ಲಿ, ಮೂರು ವರ್ಷದ ಹಿಂದಷ್ಟೇ ಭೌಗೋಳಿಕ ಸೂಚ್ಯಂಕ ಪಡೆದಿದ್ದ ನಮ್ಮ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿತು. ಜಿಲ್ಲಾ ಪುಟಗಳಲ್ಲಿ ಅದು ದಿನವೂ ಬಂತು. ಅದನ್ನು ಬರೆದ ವರದಿಗಾರರನ್ನು ಮೆಚ್ಚಲೇಬೇಕು. ಅಡಚಣೆಯೆಂದರೆ ಕಲಬುರಗಿಯ ಜಿಲ್ಲಾ ಪುಟ ಕಲಬುರಗಿಯನ್ನು ದಾಟುವುದಿಲ್ಲ. ಹೊಲ ಒಣಗಿದವನೇ ತನ್ನ ಹೊಲ ಒಣಗಿದ ಸುದ್ದಿಯನ್ನು ಓದುತ್ತಾನೆ, ವಿಧಾನಸೌಧದ ಮೇಜಿನ ಮೇಲೆ ಬೇರೆಯೇ ಪುಟಗಳಿರುತ್ತವೆ.

ದೇಶದ ಕಣ್ಣು ಕಲಬುರಗಿಯ ಮೇಲೆ ನಿಜಕ್ಕೂ ಬಿದ್ದದ್ದು 2020ರ ಮಾರ್ಚ್‌ನಲ್ಲಿ, ಭಾರತದ ಮೊದಲ ಕೋವಿಡ್ ಸಾವು ಅಲ್ಲಿ ಸಂಭವಿಸಿದಾಗ. ಕೆಲವೇ ವಾರಗಳಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆ ನಡೆಸಿದ ಸಭೆಯ ಸುದ್ದಿ ಬಂದು, ರೋಗಕ್ಕೆ ಒಂದು ಧರ್ಮವನ್ನೇ ಅಂಟಿಸುವ ಕೆಲಸ ವಾಹಿನಿಗಳಲ್ಲಿ ನಡೆಯಿತು. ಖ್ವಾಜಾ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಒಂದೇ ಮನೆಯವರು ಹೋಗಿಬರುವ ಊರಿನಲ್ಲಿ, ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳುವವರು ಹುಟ್ಟಿಕೊಂಡರೆಂದು ತಂಗಿ ಫೋನಿನಲ್ಲಿ ಹೇಳಿದಾಗ ನಂಬಲಾಗಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಮಾಡುತ್ತ, ಮಾಧ್ಯಮಗಳಲ್ಲಿ ನಡೆದದ್ದು ಅಪಪ್ರಚಾರವೆಂದೂ ಅವರನ್ನು ಬಲಿಪಶು ಮಾಡಲಾಯಿತೆಂದೂ ಬರೆಯಿತು. ತೀರ್ಪಿನ ಸುದ್ದಿಗೆ ಆರೋಪದ ಸುದ್ದಿಯ ಹತ್ತರಲ್ಲೊಂದು ಪಾಲಿನ ಹೊತ್ತು ಸಿಕ್ಕಿದ್ದನ್ನೂ ನಾನು ಕಾಣಲಿಲ್ಲ.

ಇನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮಾತು. ನನ್ನ ಕಾಕಾನ ಮಗನೊಬ್ಬ ತಾಲೂಕು ಮಟ್ಟದ ವರದಿಗಾರ. ಪತ್ರಿಕೆಯ ಹೆಸರು ಬೇಡ. ಅವನಿಗೆ ಸಂಬಳವೆಂಬುದು ಇಲ್ಲ, ತಿಂಗಳಿಗೆ ಬರುವ ಗೌರವಧನ ಬೈಕಿನ ಪೆಟ್ರೋಲಿಗೆ ಸಾಲದು. ಪತ್ರಕರ್ತರ ವೇತನದ ಮಜೀಠಿಯಾ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿಯಿತಾದರೂ, ನೇಮಕಾತಿ ಪತ್ರವೇ ಇಲ್ಲದ ಇವನಂಥವರ ಹೊಸ್ತಿಲಿಗೆ ಅದು ಬರಲಿಲ್ಲ. ಅವನ ಬದುಕು ನಡೆಯುವುದು ಜಾಹೀರಾತಿನ ಕಮಿಷನ್ನಿನಿಂದ. ಶಾಸಕರ ಹುಟ್ಟುಹಬ್ಬಕ್ಕೊಂದು ಪುರವಣಿ, ಜಾತ್ರೆಗೊಂದು, ದೀಪಾವಳಿಗೊಂದು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೊಂದು. ಪ್ರತಿಯೊಂದಕ್ಕೂ ಇಷ್ಟು ಮೊತ್ತ ತರಬೇಕೆಂಬ ಗುರಿಯನ್ನು ಜಿಲ್ಲಾ ಕಚೇರಿಯಿಂದ ಕೊಡುತ್ತಾರೆ. ಆ ಮೊತ್ತವನ್ನು ಕೊಡಬಲ್ಲವರು ತಾಲೂಕಿನಲ್ಲಿ ಎಷ್ಟು ಮಂದಿ ಇದ್ದಾರು? ಗುತ್ತಿಗೆದಾರರು, ಎರಡೂ ಪಕ್ಷದ ಮುಖಂಡರು, ಖಾಸಗಿ ಶಾಲೆಯವರು, ಮರಳಿನವರು, ಸಿಮೆಂಟ್ ಕಾರ್ಖಾನೆಗಳಿಗೆ ಲಾರಿ ಓಡಿಸುವವರು. ವರದಿಗಾರನಾದವನು ಯಾರ ಮೇಲೆ ಕಣ್ಣಿಡಬೇಕೋ ಆ ಪಟ್ಟಿಯೇ ಇದು.

ಕಳೆದ ಸಲ ಊರಿಗೆ ಹೋದಾಗ ನಾನು, ಹೈದರಾಬಾದಿನಲ್ಲಿ ಕೂತು ಕಲಿತ ದೊಡ್ಡಸ್ತಿಕೆಯಲ್ಲಿ, ನೀನು ಕುಡಿಯುವ ನೀರಿನ ಕಾಮಗಾರಿಯ ಬಗ್ಗೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಪೈಪು ಹಾಕಿದ ಆರು ತಿಂಗಳಿಗೆ ಒಡೆದದ್ದು ಊರಿಗೆಲ್ಲ ಗೊತ್ತಿತ್ತು.

“ಅಣ್ಣಾ, ಸುದ್ದಿ ಬರೀಲಾಕೂ ನಾನೇ, ಜಾಹೀರಾತು ತರ್ಲಾಕೂ ನಾನೇ. ಇನ್ ಯಾರ ಮ್ಯಾಲ ಬರೀಲಿ, ನೀವೇ ಹೇಳ್ರಿ” ಎಂದ.

ಉತ್ತರ ನನ್ನಲ್ಲಿರಲಿಲ್ಲ. ಅವನು ಸುಳ್ಳು ಬರೆಯುವವನಲ್ಲ. ನಾನು ಹಲವು ವರ್ಷಗಳಿಂದ ಅವನ ವರದಿಗಳನ್ನು ಓದುತ್ತಿದ್ದೇನೆ, ಅವುಗಳಲ್ಲಿ ಸುಳ್ಳೆಂದು ಹೇಳಬಹುದಾದ ಒಂದು ಸಾಲನ್ನೂ ಕಂಡಿಲ್ಲ. ಅವನ ಪಕ್ಷಪಾತ ಇರುವುದು ಬರೆಯದೆ ಬಿಟ್ಟ ಸುದ್ದಿಗಳಲ್ಲಿ. ಅದನ್ನು ಹಿಡಿಯಲು ಯಾವ ಮಂಡಳಿಗೂ ಆಗದು, ಅಚ್ಚಾಗದ ಸುದ್ದಿಯ ಮೇಲೆ ದೂರು ಕೊಡುವವರು ಯಾರು? ಇಲ್ಲೇ ತೆಲುಗು ಪತ್ರಿಕೆಗಳ ಬಹಿರಂಗ ಜಗಳಕ್ಕೆ ಒಂದು ಬೆಲೆಯಿದೆ ಎಂದು ನನಗೆ ಅನಿಸುವುದು. ಇವರು ಬಿಟ್ಟದ್ದನ್ನು ಅವರು ಹಠಕ್ಕಾದರೂ ಬರೆಯುತ್ತಾರೆ. ನಮ್ಮ ತಾಲೂಕಿನಲ್ಲಿ ಆರು ಪತ್ರಿಕೆಗಳಿಗೆ ಆರು ವರದಿಗಾರರಿದ್ದರೂ ಎಲ್ಲರ ಜಾಹೀರಾತಿನ ಪಟ್ಟಿ ಒಂದೇ ಆದ್ದರಿಂದ, ಎಲ್ಲರೂ ಬಿಡುವ ಸುದ್ದಿಯೂ ಒಂದೇ.

ಚುನಾವಣೆ ಬಂದಾಗ ಇದೇ ಏರ್ಪಾಡು ‘ಪ್ಯಾಕೇಜ್’ ಎಂಬ ಹೆಸರು ಪಡೆಯುತ್ತದೆ. ಜಾಹೀರಾತೆಂದು ಗುರುತಿಲ್ಲದೆ ಸುದ್ದಿಯ ವೇಷದಲ್ಲಿ ಬರುವ ಇದನ್ನು ಕನ್ನಡದಲ್ಲಿ ‘ಕಾಸಿಗಾಗಿ ಸುದ್ದಿ’ ಎಂದು ಸೊಗಸಾಗಿ ಕರೆದಿದ್ದೇವೆ. 2009ರ ಚುನಾವಣೆಗಳ ನಂತರ ಪತ್ರಿಕಾ ಮಂಡಳಿ ಇದರ ತನಿಖೆಗೆ ಇಬ್ಬರನ್ನು ನೇಮಿಸಿತು; ಒಬ್ಬರು ಪರಂಜೊಯ್ ಗುಹಾ ಠಾಕುರ್ತಾ, ಇನ್ನೊಬ್ಬರು ಹೈದರಾಬಾದಿನ ಕೆ. ಶ್ರೀನಿವಾಸ ರೆಡ್ಡಿ. ಅವರು ಪತ್ರಿಕೆಗಳ ಹೆಸರು ಸಮೇತ ಬರೆದುಕೊಟ್ಟ 71 ಪುಟಗಳ ವರದಿಯನ್ನು ಮಂಡಳಿ 2010ರಲ್ಲಿ ಮೊಟಕುಗೊಳಿಸಿ ಹೊರತಂದಿತು. ಪೂರ್ಣ ವರದಿ ಹೊರಬರಲು ಮರುವರ್ಷ ಕೇಂದ್ರ ಮಾಹಿತಿ ಆಯೋಗವೇ ಆದೇಶಿಸಬೇಕಾಯಿತು. ಪತ್ರಿಕೆಗಳ ಮೇಲಿನ ವರದಿಯನ್ನು ಪತ್ರಿಕೆಗಳ ಮಂಡಳಿಯೇ ಮುಚ್ಚಿಟ್ಟದ್ದು ನಮ್ಮ ಕಾಲದ ದೊಡ್ಡ ತಮಾಷೆಗಳಲ್ಲಿ ಒಂದು. 2011ರಲ್ಲಿ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಇಂಥ ಸುದ್ದಿಯ ಖರ್ಚನ್ನು ಲೆಕ್ಕಕ್ಕೆ ತೋರಿಸಲಿಲ್ಲವೆಂದು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಕೊಂಡವರಿಗೆ ಶಿಕ್ಷೆಯಾಯಿತು, ಮಾರಿದವರಿಗೆ ಆಗಲಿಲ್ಲ. ಇನ್ನು 2022ರ ದೀಪಾವಳಿಯಲ್ಲಿ ಮುಖ್ಯಮಂತ್ರಿ ಕಚೇರಿಯ ಕಡೆಯಿಂದ ಬೆಂಗಳೂರಿನ ಕೆಲವು ಪತ್ರಕರ್ತರಿಗೆ ಸಿಹಿಯ ಪೆಟ್ಟಿಗೆಯೊಳಗೆ ನಗದು ಹೋಯಿತೆಂಬ ಆರೋಪ ಬಂದಾಗ ಆಗಿನ ಮುಖ್ಯಮಂತ್ರಿಯವರು ಅಲ್ಲಗಳೆದರು, ಕೆಲವು ಪತ್ರಕರ್ತರು ಪೆಟ್ಟಿಗೆಯನ್ನು ಹಿಂದಿರುಗಿಸಿದರೆಂಬ ವರದಿಯೂ ಬಂತು. ನನ್ನ ಕಾಕಾನ ಮಗ ಆ ಸುದ್ದಿ ಓದಿ ನಕ್ಕಿದ್ದ. ತಾಲೂಕಿಗೆ ಸಿಹಿ ಮಾತ್ರ ಬರುತ್ತದೆಯಂತೆ.

ಪತ್ರಕರ್ತನಿಗೆ ನಿಲುವೇ ಇರಬಾರದೆಂದು ನಾನು ಹೇಳುತ್ತಿಲ್ಲ. ಕನ್ನಡಿಗರ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ ಇಲ್ಲಿನ ಕಾಚಿಗುಡಕ್ಕೆ ಹೋದಾಗಲೆಲ್ಲ ನನಗೆ ಶೋಯಬುಲ್ಲಾ ಖಾನ್ ನೆನಪಾಗುತ್ತಾರೆ. ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕರಾಗಿದ್ದ ಅವರು, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದೂ ರಜಾಕಾರರ ದೌರ್ಜನ್ಯ ನಿಲ್ಲಬೇಕೆಂದೂ ಬರೆದದ್ದಕ್ಕಾಗಿ 1948ರ ಆಗಸ್ಟ್‌ನಲ್ಲಿ, ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ, ಆ ಆಸುಪಾಸಿನಲ್ಲೇ ಕೊಲೆಯಾದರು. ಬರೆದ ಕೈಯನ್ನು ಕೊಲೆಗಾರರು ಕತ್ತರಿಸಿ ಹಾಕಿದ್ದರು. ಇನ್ನೂ ಒಂದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 17ಕ್ಕೆ, ಹೈದರಾಬಾದಿನ ಜೊತೆಗೆ ನಮ್ಮ ಕಲಬುರಗಿ, ಬೀದರ್‌ಗಳೂ ಬಿಡುಗಡೆಯಾದವು. ಅವರು ತಟಸ್ಥರಾಗಿರಲಿಲ್ಲ, ಆಗಿರಬೇಕಾಗಿಯೂ ಇರಲಿಲ್ಲ. ಆದರೆ ಅವರ ನಿಲುವು ಅವರ ಹೆಸರಿನಲ್ಲೇ ಅಚ್ಚಾಗುತ್ತಿತ್ತು, ಅದರ ಬೆಲೆಯನ್ನೂ ಅವರೇ ತೆತ್ತರು. ಪ್ರತಿ ಸೆಪ್ಟೆಂಬರ್ 17ಕ್ಕೆ ಶುಭಾಶಯದ ಜಾಹೀರಾತುಗಳಿಂದ ತುಂಬಿದ ನಮ್ಮ ಪುರವಣಿಗಳಲ್ಲಿ ಅವರ ಹೆಸರನ್ನು ಹುಡುಕುವುದು ನನ್ನದೊಂದು ಚಟ. ಸಿಕ್ಕ ವರ್ಷಗಳು ಕಡಿಮೆ.

ಹಾಗೆಂದು ನನ್ನ ಕಾಕಾನ ಮಗನಿಂದ ಅಂಥ ತ್ಯಾಗವನ್ನು ಕೇಳುವುದು ನ್ಯಾಯವಲ್ಲ. ಅವನಿಗೆ ಬೇಕಾದದ್ದು ತಿಂಗಳ ಸಂಬಳ ಮತ್ತು ಜಾಹೀರಾತು ತರಲು ಬೇರೊಬ್ಬ ಮನುಷ್ಯ. ಇದು ಪತ್ರಿಕೆಗಳಿಗೆ ದುಬಾರಿಯೆಂದು ನನಗೆ ಗೊತ್ತು. ಕೆಲವು ರೂಪಾಯಿಗಳಿಗೆ ಹದಿನಾಲ್ಕು ಪುಟ ಕೊಳ್ಳುವ ನಾವು ಅದರ ಉಳಿದ ಖರ್ಚನ್ನು ಯಾರು ಕೊಡುತ್ತಿದ್ದಾರೆಂದು ಎಂದೂ ಕೇಳಿಲ್ಲ. ಕನಿಷ್ಠ ಪಕ್ಷ ಆ ಮಾರ್ಚ್ ತಿಂಗಳ ನಮೂನೆಯನ್ನು ಓದಬಲ್ಲ ಅಕ್ಷರಗಳಲ್ಲಿ ಮುಖಪುಟದಲ್ಲಿ ಹಾಕಿ, ಜಿಲ್ಲೆಯಲ್ಲಿ ಹೆಚ್ಚು ಜಾಹೀರಾತು ಕೊಟ್ಟ ಹತ್ತು ಮಂದಿಯ ಹೆಸರನ್ನು ಅದರ ಕೆಳಗೆ ಸೇರಿಸಿದರೆ, ಸೇಡಮ್ಮಿನ ಓದುಗನಿಗೂ ಕ್ಷೌರದಂಗಡಿಯವನಷ್ಟು ತಿಳಿವಳಿಕೆ ಸಿಕ್ಕೀತು.

ಇಷ್ಟನ್ನೆಲ್ಲ ಬರೆದ ಮೇಲೆ ನನ್ನದೊಂದನ್ನೂ ಹೇಳಬೇಕು. ಆರು ವರ್ಷದ ಹಿಂದೆ ನಮ್ಮ ತಂದೆ ತೀರಿಕೊಂಡರು. ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಮರುದಿನದ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಅಗಲಕ್ಕೆ, ಭಾವಚಿತ್ರದ ಸಮೇತ, ‘ಶಿಕ್ಷಣ ಪ್ರೇಮಿ ಇನ್ನಿಲ್ಲ’ ಎಂಬ ಸುದ್ದಿ ಬಂದಿತ್ತು. ಕಾಕಾನ ಮಗನೇ ಬರೆದದ್ದು, ನಾನೇ ಫೋನು ಮಾಡಿ ಚೆನ್ನಾಗಿ ಹಾಕು ಎಂದು ಹೇಳಿದ್ದೆ. ಅದೇ ಪುಟದ ಕೆಳಗೆ, ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ಪಕ್ಕದ ಹಳ್ಳಿಯ ರೈತನ ಸುದ್ದಿ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಆ ದಿನ ನಾನದನ್ನು ನೋಡಿರಲಿಲ್ಲ. ಪುಟವನ್ನು ಕಟ್ಟು ಹಾಕಿಸುವಾಗ, ಕೆಳಗಿನ ಭಾಗವನ್ನು ಕತ್ತರಿಸಲೇ ಎಂದು ಅಂಗಡಿಯವನು ಕೇಳಿದಾಗ ಕಣ್ಣಿಗೆ ಬಿತ್ತು.